ಅಜ್ಜಿಯ ಡಬ್ಬಿಯೇ ಪ್ರಯೋಗಶಾಲೆ

ಮಕ್ಕಳೇ, ರಸಾಯನ ಪ್ರಯೋಗ ಶುರುಮಾಡಲು ಅಜ್ಜಿಯ ಅರಿಸಿನ ಸಾಕು. ಅದನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಬಟ್ಟೆ ಸೋಪಿನ ನೀರು ಒಂದು ಹನಿ ಬಿಟ್ಟರೆ ಕೆಂಪು. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ! ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ಗುಟ್ಟೂ ಇದೇ. ಮೊಸರು, ಹುಣಸೆ ನೀರು, ಅಡುಗೆ ಸೋಡಾ ಏನು ಮಾಡುತ್ತವೆ? ಮೊದಲು ಊಹಿಸಿ ಬರೆದಿಡಿ, ಆಮೇಲೆ ಹನಿ ಹಾಕಿ.

ಅಜ್ಜ-ಅಜ್ಜಿಯರೇ, ನೀವೂ ಜೊತೆಗೆ ಕೂಡಿ. ಎಲೆ-ಅಡಿಕೆಯ ಸುಣ್ಣ ಮಕ್ಕಳ ಕೈಗೆ ಬೇಡ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ವಿಷದ ಕ್ಲೋರಿನ್ ಏಳುತ್ತದೆ, ಎರಡನ್ನೂ ದೂರವಿಡಿ. ಇನ್ನಷ್ಟು ನೋಡುವ ಆಸೆಯೇ? ರಜೆಯಲ್ಲಿ ಮೊಮ್ಮಕ್ಕಳನ್ನು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ.