ಸೂಜಿಯ ಸೇವೆ, ದಾರದ ಋಣ

ಯೊಪ್ಪ ಪಟ್ಟಣದಲ್ಲಿ ತಬಿಥಾ ಎಂಬ ಶಿಷ್ಯೆಯೊಬ್ಬಳಿದ್ದಳು. ಆಕೆ ತೀರಿಕೊಂಡಾಗ ಅಲ್ಲಿನ ವಿಧವೆಯರು ಸಂತ ಪೇತ್ರರ ಸುತ್ತ ನಿಂತು, ಆಕೆ ಹೊಲಿದುಕೊಟ್ಟಿದ್ದ ಉಡುಪುಗಳನ್ನು ತೋರಿಸುತ್ತ ಕಣ್ಣೀರಿಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯವು ತಿಳಿಸುತ್ತದೆ. 2020ರ ತಪಸ್ಸುಕಾಲದಲ್ಲಿ ಮುಖಗವಸುಗಳನ್ನು ಹೊಲಿಯಲು ಸ್ವಯಂಸೇವಕರನ್ನು ಕೂಡಿಸಹೊರಟಾಗ ನಮ್ಮ ಮನಸ್ಸಿನಲ್ಲಿದ್ದವಳು ಈ ತಬಿಥಾ. ಆದರೆ ಆ ಪ್ರಸಂಗದಲ್ಲಿ ವಿಧವೆಯರೂ ಇದ್ದಾರೆ ಎಂಬುದನ್ನು ನಾವು ಮರೆತಿದ್ದೆವು.

ಆ ದಿನಗಳು ಓದುಗರಿಗೆ ನೆನಪಿರಬಹುದು. ಮಾರ್ಚ್ 22ರಂದು ಜನತಾ ಕರ್ಫ್ಯೂ. 25ರಿಂದ ದೇಶವಿಡೀ ಲಾಕ್‌ಡೌನ್. ಬೆಳಗಾವಿಯ ಖಡೇಬಜಾರಿನ ಬಟ್ಟೆ ಅಂಗಡಿಗಳು ಬಾಗಿಲು ಹಾಕಿದವು. ರವಿವಾರ ಪೇಟೆಯ ಸಗಟು ವ್ಯಾಪಾರ ಮಾತ್ರ ಪೂರ್ತಿ ನಿಲ್ಲುವಂತಿರಲಿಲ್ಲ. ಊರು ಉಣ್ಣಬೇಕಾದರೆ ಅಕ್ಕಿಬೇಳೆಯ ಚೀಲಗಳು ಇಳಿಯಲೇಬೇಕು. ಆ ಚೀಲಗಳನ್ನು ಹೊರುವ ಹಮಾಲರು ಹೆಗಲ ಮೇಲಿನ ಟವೆಲ್ಲನ್ನೇ ಮೂಗಿಗೆ ಸುತ್ತಿಕೊಂಡು ದುಡಿಯುತ್ತಿದ್ದರು. ಮಾಸ್ಕು ಪೇಟೆಯಲ್ಲಿ ಸಿಗುವುದೇ ದುರ್ಲಭವಾಗಿತ್ತು. ಕೇಂದ್ರ ಸರ್ಕಾರವು ಮಾರ್ಚ್ 13ರಂದು ಅದನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿತು. 21ರಂದು ಮೂರು ಪದರಿನ ಮಾಸ್ಕಿನ ಬೆಲೆ 10 ರೂಪಾಯಿ ಮೀರಬಾರದೆಂದು ಗೊತ್ತುಪಡಿಸಿತು. ಏಪ್ರಿಲ್ ಮೊದಲ ವಾರದಲ್ಲಿ, ಮನೆಯಲ್ಲೇ ಹೊಲಿದ, ತೊಳೆದು ಮತ್ತೆ ಧರಿಸಬಹುದಾದ ಬಟ್ಟೆಯ ಗವಸುಗಳನ್ನು ಜನರು ಬಳಸಬೇಕೆಂದೂ, ಆಸ್ಪತ್ರೆಯ ಮಾಸ್ಕುಗಳನ್ನು ವೈದ್ಯರಿಗೂ ದಾದಿಯರಿಗೂ ಬಿಟ್ಟುಕೊಡಬೇಕೆಂದೂ ಸಲಹೆ ಬಂದಿತು.

ಇಂತಹ ಗವಸಿನ ಒಂದು ಗುಣ ವಿಚಾರಯೋಗ್ಯವಾದುದು. ಅದು ಧರಿಸಿದವನನ್ನು ಕಾಯುವುದಕ್ಕಿಂತ ಹೆಚ್ಚಾಗಿ ಅವನೆದುರು ನಿಂತವನನ್ನು ಕಾಯುತ್ತದೆ. ಕೆಮ್ಮಿದಾಗ, ಮಾತನಾಡಿದಾಗ ಹೊರಬೀಳುವ ಹನಿಗಳನ್ನು ಅದು ಹುಟ್ಟಿದೆಡೆಯಲ್ಲೇ ತಡೆಯುತ್ತದೆ. ನನ್ನ ರಕ್ಷಣೆ ನೆರೆಯವನ ಮುಖದ ಮೇಲಿದೆ, ಅವನ ರಕ್ಷಣೆ ನನ್ನ ಮುಖದ ಮೇಲಿದೆ. ಪರಸ್ಪರ ಪ್ರೀತಿಯ ಪಾಠಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಬೇಕೆ? 1918ರ ಮಹಾ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ರೆಡ್ ಕ್ರಾಸ್ ಸ್ವಯಂಸೇವಕಿಯರು ಸಾಲಾಗಿ ಕುಳಿತು ಜಾಳಿಗೆಬಟ್ಟೆಯ ಮಾಸ್ಕುಗಳನ್ನು ಹೊಲಿದಿದ್ದರು. ನಾವು ಕೂಡಿ ಕೂರುವಂತಿರಲಿಲ್ಲ. ಆದುದರಿಂದ ಕೆಲಸವನ್ನೇ ಮನೆಮನೆಗೆ ಕಳುಹಿಸಬೇಕಾಯಿತು.

ಮೊದಲ ಕಂತು ವಿಫಲವಾಯಿತು. ಯಾರದೋ ಮನೆಯಲ್ಲಿ ಉಳಿದಿದ್ದ ನುಣುಪಾದ ಅಸ್ತರದ ಬಟ್ಟೆಯನ್ನು ನಾವೇ ಉತ್ಸಾಹದಿಂದ ಹಂಚಿದ್ದೆವು. ಚೀಲ ಹೊತ್ತವರು ಅದನ್ನು ಕಟ್ಟಿಕೊಂಡು ಉಸಿರಾಡಲಾರದೆ ಗದ್ದಕ್ಕೆ ಇಳಿಸಿದರು. ಎಲಾಸ್ಟಿಕ್ ಅಂತೂ ಎಲ್ಲಿಯೂ ದೊರೆಯಲಿಲ್ಲ. ನಮ್ಮನ್ನು ತಿದ್ದಿದವರು ಹೊಲಿಗೆಯನ್ನೇ ನಂಬಿ ಬಾಳುವ ಓರ್ವ ತಾಯಿ. ಅಚ್ಚ ಹತ್ತಿಯ ಬಟ್ಟೆಯಾಗಬೇಕು. ಮೊದಲೇ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಮೂಗಿನಿಂದ ಗದ್ದದವರೆಗೆ ಹರಡುವಂತೆ ನೆರಿಗೆ ಹಿಡಿಯಬೇಕು. ಎಲಾಸ್ಟಿಕ್ಕಿಗೆ ಬದಲು ಅದೇ ಬಟ್ಟೆಯ ಲಾಡಿ ಸಾಕು ಎಂದರು. ಇಷ್ಟನ್ನು ಕಲಿಸಿದ ಮೇಲೆ ಅವರು ತಲೆ ತಗ್ಗಿಸಿ ಕೇಳಿದ ಮಾತು ನಮ್ಮನ್ನು ಈಗಲೂ ಬಿಟ್ಟಿಲ್ಲ: "ಫಾದರ್, ಹೊಲಿತೀನ್ರಿ. ಆದ್ರ ಈ ಮದುವಿ ಸೀಜನ್ನಿನ ಮ್ಯಾಲ ನಮ್ಮ ವರ್ಷದ ಸಂಸಾರ ನಿಂತಿರ್ತದ. ದಾರದ ರೊಕ್ಕಾನರ ಕೊಡ್ತೀರೇನ್ರಿ?"

ಏಪ್ರಿಲ್, ಮೇ ತಿಂಗಳ ಮದುವೆಗಳು, ಜೂನಿನ ಶಾಲಾ ಸಮವಸ್ತ್ರ: ದರ್ಜಿಗಳ ಕುಟುಂಬಗಳಿಗೆ ಅನ್ನ ಕೊಡುವ ಕಾಲವಿದು. ಆ ವರ್ಷ ಮದುವೆಯೂ ಇಲ್ಲ, ಶಾಲೆಯೂ ಇಲ್ಲ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿಗಳ ನೆರವನ್ನು ಘೋಷಿಸಿತು. ದರ್ಜಿಗಳನ್ನೂ ಹೆಸರಿಸಿ 2,000 ರೂಪಾಯಿ ಘೋಷಿಸಿದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಹೊತ್ತಿಗೆ. ಈ ನಡುವೆ, ಯಾರ ಮನೆಯಲ್ಲಿ ಒಲೆ ಆರಿತ್ತೋ ಅವರ ಬಾಗಿಲಿಗೇ ಹೋಗಿ ನಾವು ಬಿಟ್ಟಿ ದುಡಿಮೆಯನ್ನು ಬೇಡಿದ್ದೆವು. ಅದನ್ನು ಸೇವೆಯೆಂದು ಕರೆದಿದ್ದೆವು. ಹೊಲಿಗೆ ಯಂತ್ರವಿರುವ ಮನೆಯೆಲ್ಲ ತಬಿಥಾಳ ಮನೆಯಲ್ಲ. ಎಷ್ಟೋ ವೇಳೆ ಅದು ವಿಧವೆಯ ಮನೆ.

ನ್ಯಾಯ ಮತ್ತು ಪ್ರೀತಿಗಳ ಸಂಬಂಧವನ್ನು ಗುರುಮಠದ ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಬಹುಕಾಲ ಓದಿದ್ದೇವೆ. ಸಂತ ಥಾಮಸ್ ಅಕ್ವಿನಾಸರಿಗೆ ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಮನಸ್ಸು. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ, ದುಡಿಯುವವನ ಬಾಳಿಗೆ ಸಾಲುವ ಕೂಲಿ ನ್ಯಾಯದ ಬೇಡಿಕೆಯೆಂದು ಬೋಧಿಸಿದರು. ಹನ್ನೊಂದನೆಯ ಪಿಯುಸ್‌ರವರು 1937ರಲ್ಲಿ, ನ್ಯಾಯವಾಗಿ ಸಲ್ಲಬೇಕಾದ ಕೂಲಿಯನ್ನು ತಡೆಹಿಡಿದು ನೀಡುವ ದಾನ ದಾನವೆನಿಸದೆಂಬ ಅರ್ಥದಲ್ಲಿ ಎಚ್ಚರಿಸಿದರು. ಇವೆಲ್ಲವೂ ನಮಗೆ ಬಾಯಿಪಾಠವಾಗಿದ್ದವು. ಪಾಠ ಮನದಟ್ಟಾಗಲು ದಾರದ ರೊಕ್ಕ ಕೇಳಿದ ತಾಯಿ ಬೇಕಾದರು.

ಕೆಲಸವನ್ನು ಮತ್ತೆ ಹಂಚಿಕೊಂಡೆವು. ಸಂಬಳವೋ ಪಿಂಚಣಿಯೋ ಬರುವವರು ಹಣ ಕೊಟ್ಟರು. ಮನೆಯಲ್ಲಿ ಯಂತ್ರವಿದ್ದು ಅದರ ಸಂಪಾದನೆಯನ್ನು ನೆಚ್ಚಿರದವರು ಉಚಿತವಾಗಿ ಹೊಲಿದರು. ಯಂತ್ರವಿಲ್ಲದವರು ಬಟ್ಟೆ ತೊಳೆದು, ಕತ್ತರಿಸಿ, ಇಸ್ತ್ರಿ ಮಾಡಿದರು. ಯುವಕರು ಎಣಿಸಿ ಕಟ್ಟಿದರು. ಹೊಲಿಗೆಯೇ ಜೀವನವಾಗಿದ್ದವರಿಗೆ ಪ್ರತಿ ಗವಸಿಗೂ ಕೂಲಿ ನಿಗದಿಯಾಯಿತು. ಬಸ್ಸುಗಳಿರಲಿಲ್ಲವಾದುದರಿಂದ, ರವಿವಾರ ಪೇಟೆಯಿಂದ ಖಾನಾಪುರಕ್ಕೆ ದಿನಸಿ ಒಯ್ಯುವ ವಾಹನದಲ್ಲೇ ಕತ್ತರಿಸಿದ ಬಟ್ಟೆಯ ಗಂಟುಗಳು ಅಲ್ಲಿನ ಕುಟುಂಬಗಳಿಗೂ ಹೋದವು. ಹೊಲಿದ ಗವಸುಗಳು ಅದೇ ದಾರಿಯಲ್ಲಿ ಮರಳಿದವು.

ಆಕ್ಷೇಪಣೆ ಬಾರದಿರಲಿಲ್ಲ. "ದೇವರ ಕೆಲಸಕ್ಕೂ ಕೂಲಿಯೇ?" ಎಂದು ಹಿರಿಯರೊಬ್ಬರು ಕೇಳಿದರು. ಬಲಿಪೀಠದ ಮೇಣದಬತ್ತಿಗೆ ನಾವು ಹಣ ಕೊಡುವುದಿಲ್ಲವೇ ಎಂದು ನಾವು ಮರುಪ್ರಶ್ನೆ ಮಾಡಿದೆವು. ಅದಕ್ಕಿಂತಲೂ ಕಠಿಣವಾದ ಪ್ರಶ್ನೆ, ಕೂಲಿ ಪಡೆಯಲು ನಾಚಿದವರದು. ಎಲ್ಲರೂ ಪುಕ್ಕಟೆ ಹೊಲಿಯುವಾಗ ತಾವೊಬ್ಬರೇ ಕೈಚಾಚುವುದೇ ಎಂದು ಅವರು ಹಿಂಜರಿದರು. ಅದಕ್ಕಾಗಿ ಎಲ್ಲ ಗಂಟುಗಳನ್ನೂ ಒಂದೇ ರೀತಿ ಕಟ್ಟಿ, ಎಲ್ಲದರೊಳಗೂ ಲಕೋಟೆ ಇಟ್ಟೆವು. ಕೆಲವದರಲ್ಲಿ ವಂದನೆಯ ಚೀಟಿ ಮಾತ್ರ, ಕೆಲವದರಲ್ಲಿ ಅದರೊಡನೆ ಕೂಲಿಯೂ ಇತ್ತು. ಎಡಗೈ ಅರಿಯದಂತೆ ಬಲಗೈ ಕೊಡಬೇಕೆಂಬ ಯೇಸುಸ್ವಾಮಿಯ ಬೋಧನೆ ದಾನಕ್ಕಷ್ಟೇ ಅಲ್ಲ, ಇಂತಹ ಕೂಲಿಗೂ ಸಲ್ಲುತ್ತದೆ.

ಆ ವರ್ಷ ಏಪ್ರಿಲ್ 9ರಂದು ಪವಿತ್ರ ಗುರುವಾರ. ದೇವಾಲಯದಲ್ಲಿ ಭಕ್ತರಿಲ್ಲ, ಪಾದ ತೊಳೆಯುವ ವಿಧಿಯನ್ನು ಬಿಟ್ಟುಬಿಡಬೇಕೆಂದು ರೋಮಿನಿಂದ ಆದೇಶ ಬಂದಿತ್ತು. ಆ ವಾರವೇ ಹತ್ತಿಯ ಗವಸುಗಳು ಹಮಾಲರ, ಪೌರಕಾರ್ಮಿಕರ ಕೈ ಸೇರಿದವು. ಯಾರ ಜಾತಿಮತವನ್ನೂ ಕೇಳಲಿಲ್ಲ. ಈ ಬಾರಿ ಅವು ಗದ್ದಕ್ಕೆ ಇಳಿಯಲಿಲ್ಲ. ಊರಿನ ಕಷ್ಟದ ಮುಂದೆ ಇದು ಅಲ್ಪಸೇವೆಯೇ ಸರಿ. ಆದರೂ, ಆ ಗುರುವಾರ ತೊಳೆಯದೆ ಉಳಿದ ಪಾದಗಳಿಗೆ ನಮ್ಮ ಜನರು ಬೇರೊಂದು ಬಗೆಯಲ್ಲಿ ಬಾಗಿದರೆಂದು ನಾವು ನಂಬಿದ್ದೇವೆ.

ಆ ಪಿಡುಗು ಹಿಂದೆ ಸರಿದಿದೆ. ಇನ್ನೊಂದು ಸಂಕಟ ಬಾರದೆಂದು ಹೇಳಲಾಗದು. ಸ್ವಯಂಸೇವಕರ ಪಟ್ಟಿ ಬರೆಯುವ ಮುನ್ನ ಪ್ರತಿ ಧರ್ಮಕೇಂದ್ರವೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಯಾರ ಬಳಿ ಕೌಶಲವಿದೆ? ಅವರ ಮನೆಯಲ್ಲಿ ಇಂದಿನ ಊಟಕ್ಕಿದೆಯೇ? ಕ್ರೈಸ್ತ ಕುಟುಂಬಗಳಲ್ಲಿ ನಮ್ಮ ಮನವಿ ಇನ್ನೂ ಚಿಕ್ಕದು. ಮಗಳ ಪ್ರಥಮ ಪರಮಪ್ರಸಾದದ ಬಿಳಿಯ ಉಡುಪನ್ನೋ ಕ್ರಿಸ್ಮಸ್ ಹಬ್ಬದ ಅಂಗಿಯನ್ನೋ ಹೊಲಿಯಲು ಕೊಟ್ಟಾಗ, "ಹಬ್ಬ ಮುಗಿಯಲಿ, ಕೊಟ್ಟರಾಯಿತು" ಎನ್ನಬೇಡಿ. ಹೊಲಿದವಳ ಮನೆಯಲ್ಲಿಯೂ ಅಂದೇ ಹಬ್ಬವಲ್ಲವೇ?