ಕಾಗದದ ಆಮದು : ಎರಡು ದೇಶಗಳ ಲೆಕ್ಕ

ಮಕ್ಕಳೇ, ಇಚಲಕರಂಜಿಯಲ್ಲಿ ಮಗ್ಗ ನಡೆಯುವ ಯಾವ ಓಣಿಗೆ ಹೋದರೂ ನೂಲು ಸುತ್ತಿದ ರಟ್ಟಿನ ಕೋನುಗಳು ಕಾಣುತ್ತವೆ. ಕೊಲ್ಹಾಪುರದ ಪೇಟೆಯಲ್ಲಿ ಬೆಲ್ಲ ತುಂಬುವ ರಟ್ಟಿನ ಪೆಟ್ಟಿಗೆಗಳಿವೆ. ಗಡಹಿಂಗ್ಲಜದ ಅಂಗಡಿಗಳಲ್ಲಿ ವಹಿಗಳು, ವೃತ್ತಪತ್ರಿಕೆಗಳು ಸಿಗುತ್ತವೆ. ಈ ಕಾಗದವೆಲ್ಲ ನಮ್ಮ ದೇಶದಲ್ಲೇ ತಯಾರಾದದ್ದಲ್ಲ. ವೃತ್ತಪತ್ರಿಕೆಗೆ ಬೇಕಾದ ಕಾಗದದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ನಾವು ಹೊರದೇಶಗಳಿಂದ ತರಿಸುತ್ತ ಬಂದಿದ್ದೇವೆ.

"ಆಮದು ಕಡಿಮೆಯಾದರೆ ದೇಶಕ್ಕೆ ಒಳ್ಳೆಯದಲ್ಲವೇ, ಗುರೂಜಿ?" ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಉತ್ತರ ಅಷ್ಟು ಸುಲಭವಲ್ಲ.

ದೇಶಗಳು ತಾವು ತರಿಸಿದ ಸರಕಿನ ಲೆಕ್ಕವನ್ನು 1988ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಪಟ್ಟಿಯಂತೆ ಇಡುತ್ತವೆ. ಅದರಲ್ಲಿ ಕಾಗದ ಮತ್ತು ರಟ್ಟಿಗೆ 48ನೆಯ ಅಧ್ಯಾಯ. ಅಚ್ಚಾದ ಪುಸ್ತಕಕ್ಕೆ 49. ಬರಿಯ ಕೋನು ತರಿಸಿದರೆ ಅದು 48ರಲ್ಲಿ ಸೇರುತ್ತದೆ; ನೂಲು ಸುತ್ತಿಕೊಂಡು ಬಂದರೆ ಅದೇ ಕೋನು ನೂಲಿನ ಲೆಕ್ಕಕ್ಕೆ ಹೋಗುತ್ತದೆ! ರದ್ದಿ ಕಾಗದ ಮತ್ತು ಕಾಗದ ತಯಾರಿಸುವ ತಿರುಳು 47ನೆಯ ಅಧ್ಯಾಯಕ್ಕೆ ಸೇರಿವೆ. ನಮ್ಮ ದೇಶದ ಕಾರಖಾನೆಗಳು ಹೊರಗಿನ ರದ್ದಿಯನ್ನು ಬಹಳ ಕೊಳ್ಳುತ್ತವೆ. ಆದ್ದರಿಂದ 48ನ್ನು ಮಾತ್ರ ನೋಡಿದರೆ ನಮ್ಮ ಅವಲಂಬನೆ ಪೂರ್ತಿ ತಿಳಿಯದು.

ಇನ್ನೊಂದು ಮಾತು. ಆಮದಿನ ಮೌಲ್ಯವೆಂದರೆ ಹಣ, ತೂಕವಲ್ಲ. ಟನ್ನಿಗೆ 600 ಡಾಲರಿನಂತೆ 10 ಟನ್ನು ಕೊಂಡರೆ 6,000 ಡಾಲರು. ಬೆಲೆ 900 ಡಾಲರಿಗೇರಿದಾಗ 8 ಟನ್ನು ಮಾತ್ರ ಕೊಂಡರೂ 7,200 ಡಾಲರು. ನಕ್ಷೆಯಲ್ಲಿ ಗೆರೆ ಮೇಲೇರಿತು. ಉಗ್ರಾಣದಲ್ಲಿ ಕಾಗದ ಕಡಿಮೆಯಾಯಿತು.

ಈಗ ಭಾರತ ಮತ್ತು ಶ್ರೀಲಂಕೆಗಳ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದೆವೆಂದು ಭಾವಿಸಿ. ಭಾರತದ ಜನಸಂಖ್ಯೆ 140 ಕೋಟಿಗೂ ಹೆಚ್ಚು, ಶ್ರೀಲಂಕೆಯದು ಸುಮಾರು 2.2 ಕೋಟಿ. ನಮ್ಮ ಗೆರೆ ಮೇಲಿದ್ದರೆ ಆಶ್ಚರ್ಯವಿಲ್ಲ. ತಲೆಗೆ ಎಷ್ಟು ಎಂದು ಭಾಗಿಸಿಯೇ ಹೋಲಿಸಬೇಕು. ಭಾರತಕ್ಕೆ ತನ್ನದೇ ಕಾರಖಾನೆಗಳ ಆಸರೆಯೂ ಇದೆ. ನಮ್ಮ ನೆರೆಯ ಕರ್ನಾಟಕದ ದಾಂಡೇಲಿಯಲ್ಲಿ ದೊಡ್ಡ ಕಾಗದದ ಕಾರಖಾನೆಯಿದೆ. ತಮಿಳುನಾಡಿನ ಪುಗಳೂರಿನಲ್ಲಿ 1980ರ ದಶಕದಿಂದ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಾರೆ. ಗಡಹಿಂಗ್ಲಜದ ಸುತ್ತ ನಾವು ಕಾಣುವಂಥದೇ ಸಿಪ್ಪೆ ಅದು.

ಶ್ರೀಲಂಕೆ ಕಾಗದಕ್ಕಾಗಿ ಬಹುಮಟ್ಟಿಗೆ ಹೊರದೇಶಗಳನ್ನೇ ನಂಬಿತ್ತು. 2022ರಲ್ಲಿ ಆ ದೇಶದ ಬಳಿ ಡಾಲರುಗಳು ಬರಿದಾದವು. ಸುಮಾರು 200 ರೂಪಾಯಿಗೆ ಸಿಗುತ್ತಿದ್ದ ಡಾಲರಿಗೆ ಕೆಲವೇ ವಾರಗಳಲ್ಲಿ ಅಲ್ಲಿನ 300ಕ್ಕೂ ಹೆಚ್ಚು ರೂಪಾಯಿ ತೆರಬೇಕಾಯಿತು. ಕಾಗದವನ್ನೂ ಶಾಯಿಯನ್ನೂ ತರಿಸಲಾಗದೆ, ಆ ಮಾರ್ಚ್ ತಿಂಗಳಲ್ಲಿ ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದ ಶಾಲೆಗಳು ಪರೀಕ್ಷೆಗಳನ್ನೇ ಮುಂದೂಡಿದವು. ನಿಮ್ಮ ವಯಸ್ಸಿನ ಮಕ್ಕಳು ಓದಿ ಸಿದ್ಧರಾಗಿದ್ದರು. ಪ್ರಶ್ನೆಪತ್ರಿಕೆ ಅಚ್ಚು ಮಾಡಲು ಹಾಳೆಯಿರಲಿಲ್ಲ.

ಇದನ್ನು ಹೇಳಿದಾಗ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗೆರೆ ಇಳಿದರೆ ಏಕೆ ಇಳಿಯಿತೆಂದು ಕೇಳಬೇಕು" ಎಂದಳು. ಸ್ವಂತ ಕಾರಖಾನೆ ಬೆಳೆದೂ ಇಳಿಯಬಹುದು, ಕೈಯಲ್ಲಿ ಕಾಸಿಲ್ಲದೆಯೂ ಇಳಿಯಬಹುದು. ಗೆರೆ ತಾನಾಗಿ ಅದನ್ನು ಹೇಳುವುದಿಲ್ಲ.

ಮರುವರ್ಷ, 2023ರಲ್ಲಿ, ಶ್ರೀಲಂಕೆಯ ಶಾಲಾಮಕ್ಕಳ ಪಠ್ಯಪುಸ್ತಕಗಳಲ್ಲಿ ಒಂದು ಭಾಗವು ಭಾರತದ ಸಾಲದ ನೆರವಿನಿಂದ ತರಿಸಿದ ಕಾಗದದ ಮೇಲೆ ಅಚ್ಚಾಯಿತು.