ಸಾಣೆ ಹಿಡಿದ ಕ್ಯಾಮ್‌ಶಾಫ್ಟ್

ಉಡುಪಿ, ಮಣಿಪಾಲ, ಕಾರ್ಕಳಗಳ ರಸ್ತೆಗಳಲ್ಲಿ ಒಂದು ಕಾಲಕ್ಕೆ ಅಂಬಾಸಿಡರ್ ಕಾರು ಸರ್ವಸಾಮಾನ್ಯವಾಗಿತ್ತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅದನ್ನು ಅಭಿಮಾನದಿಂದ ಉಳಿಸಿಕೊಂಡವರು ಎಂಜಿನನ್ನು ಬಿಚ್ಚಿ ನವೀಕರಿಸುವಾಗ ಒಂದು ಪ್ರಶ್ನೆ ಏಳುತ್ತದೆ: ಸವೆದ ಕ್ಯಾಮ್‌ಶಾಫ್ಟಿಗೆ ಸಾಣೆ ಹಿಡಿಸಿ ಪುನಃ ಬಳಸಬಹುದೆ?

ಕ್ಯಾಮ್‌ಶಾಫ್ಟ್ ಎಂಬುದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ಒಂದು ದಂಡ. ಈ ಉಬ್ಬುಗಳೇ ಕ್ಯಾಮುಗಳು. ಕ್ಯಾಮಿನ ಮೂತಿಯು ಟ್ಯಾಪೆಟ್ ಎಂಬ, ಬಹುಮಟ್ಟಿಗೆ ಚಪ್ಪಟೆಯಾದ ತಳವುಳ್ಳ ತುಂಡನ್ನು ಮೇಲೆತ್ತುತ್ತದೆ. ಆ ಚಲನೆ ಒಂದು ಕಡ್ಡಿಯ ಹಾಗೂ ಸನ್ನೆಯ ಮೂಲಕ ಸಾಗಿ, ಸ್ಪ್ರಿಂಗಿನ ಬಲವನ್ನು ಮೀರಿ ವಾಲ್ವನ್ನು ತೆರೆಯುತ್ತದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗುತ್ತದೆ. ಉಡುಪಿಯಿಂದ ಕಾಪುವಿಗೆ 20 ನಿಮಿಷದ ಪ್ರಯಾಣ, ಎಂಜಿನಿನ ವೇಗ ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಂಡರೆ, ಅಷ್ಟರಲ್ಲೇ ಪ್ರತಿಯೊಂದು ಕ್ಯಾಮು 20,000 ಬಾರಿ ಟ್ಯಾಪೆಟನ್ನು ಎತ್ತಿರುತ್ತದೆ! ಸವೆತಕ್ಕೆ ಇದು ಸಾಲದೆ? ಇನ್ನು, ಮಳೆಗಾಲವಿಡೀ ಓಡದೆ ನಿಂತ ಕಾರಿನಲ್ಲಿ ಎಣ್ಣೆ ಜಾರಿಹೋಗಿ, ಕರಾವಳಿಯ ತೇವದ ಗಾಳಿಗೆ ಕ್ಯಾಮುಗಳು ತುಕ್ಕು ಹಿಡಿಯುವುದೂ ಉಂಟು.

ಸಾಣೆಯಲ್ಲಿ ಕ್ಯಾಮಿನ ಸುತ್ತಲೂ ಒಂದೇ ಪ್ರಮಾಣದಲ್ಲಿ ಲೋಹವನ್ನು ತೆಗೆಯುತ್ತಾರೆ. ಮೂತಿ 1 ಮಿಲಿಮೀಟರು ತಗ್ಗಿದರೆ ಹಿಂಬದಿಯೂ ಅಷ್ಟೇ ತಗ್ಗುತ್ತದೆ. ಆದುದರಿಂದ ವಾಲ್ವು ತೆರೆಯುವ ಎತ್ತರ ಬದಲಾಗದು. ಟ್ಯಾಪೆಟ್ ಕೆಳಗಿಳಿದುದನ್ನು ತಿರುಪಿನಿಂದ ಸರಿಪಡಿಸಬಹುದು. ಹಾಗಾದರೆ ತೊಂದರೆ ಏನು?

ಮೊದಲನೆಯದು ಕಾಠಿಣ್ಯ. ಕಮ್ಮಾರನು ಕತ್ತಿಯ ಅಲಗಿಗೆ ಮಾತ್ರ ಹದ ಹಾಕುವಂತೆ, ಕ್ಯಾಮಿನ ಮೇಲ್ಮೈಯನ್ನು ಮಾತ್ರ ಗಟ್ಟಿಗೊಳಿಸಿರುತ್ತಾರೆ. ಸಾಣೆಯು ಆ ಪದರವನ್ನು ದಾಟಿದರೆ ಒಳಗಿನ ಮೆದು ಲೋಹ ಬೇಗನೆ ಸವೆಯುತ್ತದೆ.

ಎರಡನೆಯದು ಕಣ್ಣಿಗೆ ಕಾಣದು. ಸುತ್ತಲೂ 1 ಮಿಲಿಮೀಟರು ತೆಗೆದಾಗ ಮೂತಿಯ ವಕ್ರತಾ ತ್ರಿಜ್ಯವೂ ಅಷ್ಟೇ ಕುಗ್ಗುತ್ತದೆ. ಎಂದರೆ ಮೂತಿ ಚೂಪಾಗುತ್ತದೆ. ರೇಡಿಯೋ ಅಲೆಗಳನ್ನು ತೋರಿಸಿಕೊಟ್ಟ ಜರ್ಮನ್ ವಿಜ್ಞಾನಿ ಹರ್ಟ್ಸನೇ, ಒಂದನ್ನೊಂದು ಒತ್ತುವ ಘನವಸ್ತುಗಳ ಗಣಿತವನ್ನೂ ರೂಪಿಸಿದನು. ಅದರಂತೆ ಇಲ್ಲಿ ಗರಿಷ್ಠ ಒತ್ತಡವು ತ್ರಿಜ್ಯದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತ್ರಿಜ್ಯ 4ರಿಂದ 3 ಮಿಲಿಮೀಟರಿಗೆ ಇಳಿದರೆ, ಅದೇ ಸ್ಪ್ರಿಂಗಿನ ಕೆಳಗೆ ಒತ್ತಡ ನೂರಕ್ಕೆ 15ರಷ್ಟು ಏರುತ್ತದೆ.

ಹೀಗಿರುವುದರಿಂದ ಎಷ್ಟು ಲೋಹ ತೆಗೆದರೆಂದೂ, ಬಳಿಕ ಕಾಠಿಣ್ಯವನ್ನು ಪರೀಕ್ಷಿಸಿದರೆ ಎಂದೂ ಕೇಳಿ ತಿಳಿಯತಕ್ಕದ್ದು. ಹಳೆಯ ಕ್ಯಾಮಿಗೆ ಹೊಂದಿ ಸವೆದ ಟ್ಯಾಪೆಟುಗಳನ್ನು ಬಿಟ್ಟು ಹೊಸವನ್ನೇ ಹಾಕಬೇಕು. ಮೊದಲ ಬಾರಿ ಚಾಲೂ ಮಾಡಿದಾಗ ಎಂಜಿನನ್ನು ನಿಧಾನವಾಗಿ ಓಡಲು ಬಿಡದೆ, ಸುಮಾರು 20 ನಿಮಿಷ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ಓಡಿಸುವುದು ರೂಢಿ. ವೇಗ ಹೆಚ್ಚಿದಂತೆ ಭಾರ ಹೆಚ್ಚಬೇಕಲ್ಲವೆ ಎಂದು ವಾಚಕರು ಕೇಳಬಹುದು. ಮೂತಿಯ ಮೇಲೆ ನಡೆಯುವುದು ತದ್ವಿರುದ್ಧ: ವೇಗದಲ್ಲಿ ಟ್ಯಾಪೆಟಿನ ಜಡತ್ವವು ಸ್ಪ್ರಿಂಗಿನ ಬಲದ ಒಂದಂಶವನ್ನು ತಾನೇ ಹೊರುತ್ತದೆ, ಸಿಡಿದು ಬರುವ ಎಣ್ಣೆಯೂ ಹೆಚ್ಚು. ನಿಧಾನಗತಿಯಲ್ಲಾದರೋ ಇಡೀ ಬಲ ಆ ಕಿರಿದಾದ ಮೂತಿಯ ಮೇಲೆಯೇ ಬೀಳುತ್ತದೆ.

ಸಾಣೆ ಹಿಡಿದ ಕ್ಯಾಮ್‌ಶಾಫ್ಟ್ ತ್ಯಾಜ್ಯವಲ್ಲ. ಆದರೆ ಎತ್ತರವೊಂದನ್ನೇ ಅಳೆದು ಅದನ್ನು ಹೊಸದೆಂದು ನಂಬುವುದು ತರವಲ್ಲ.